ತಾಯಿಗೆ ಮದ್ದು, ಮಗುವಿಗೆ ಹಾಲು

ಕೆಚ್ಚಲುಬಾವಿಗೆ ದನಕ್ಕೆ ಚುಚ್ಚುಮದ್ದು ಕೊಡಿಸಿದರೆ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸೊಸೈಟಿಗೆ ಹಾಕಬೇಡಿ ಎಂದು ಹೇಳುವವನು ನಾನೇ. ಮೊನ್ನೆ ಒಬ್ಬ ಅಜ್ಜಿ ಕೇಳಿದರು: "ಸೊಸೆ ಕ್ಷಯಕ್ಕೆ ಮದ್ದು ತಿನ್ನುತ್ತಾಳೆ. ಹಾಗಾದರೆ ಅವಳ ಹಾಲೂ ಮಗುವಿಗೆ ಬೇಡವಲ್ಲವೇ, ಮಾರಾಯ್ರೆ?"

ನಾನು ದನದ ಮಾತು ಹೇಳುವವನು. ಇದನ್ನು ಡಾಕ್ಟರಲ್ಲಿ ಕೇಳಿಕೊಂಡು ಬಂದೆ. ದನದ ಲೆಕ್ಕ ತಾಯಿಗೆ ಸಲ್ಲದು. ದನದ ಹಾಲು ಚೆಲ್ಲಿದರೆ ಹೋಗುವುದು ನಾಲ್ಕು ಕಾಸು. ತಾಯಿಹಾಲು ಬಿಡಿಸಿದರೆ ಮಗುವಿನ ಬಲವೇ ಹೋದೀತು. 6 ತಿಂಗಳವರೆಗೆ ಮಗುವಿಗೆ ಅದೇ ಅನ್ನ, ಅದೇ ನೀರು.

ಕ್ಷಯ ಹರಡುವುದು ಕೆಮ್ಮಿನಿಂದ, ತಾಯಿಹಾಲಿನಿಂದಲ್ಲ. ಸಾಮಾನ್ಯವಾಗಿ ಕೊಡುವ ಕ್ಷಯದ ಮದ್ದು ಹಾಲಿಗೆ ಇಳಿಯುವುದು ಬಹಳ ಕಡಿಮೆ; ಅದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ. ಹಾಲುಣಿಸುವಾಗ ತಾಯಿ ಬಾಯಿ-ಮೂಗು ಮುಚ್ಚಿಕೊಳ್ಳಲಿ. ಮಗುವನ್ನೂ ಡಾಕ್ಟರಿಗೆ ತೋರಿಸಿ; ಅದಕ್ಕೂ ಮುಂಜಾಗ್ರತೆಯ ಮದ್ದು ಬೇಕಾದೀತು. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಮದ್ದಿಗೆ ದುಡ್ಡು ಕೊಡಬೇಕಾಗಿಲ್ಲ.

ಆದರೆ ಎಲ್ಲ ಮದ್ದೂ ಹೀಗಲ್ಲ. ಕ್ಯಾನ್ಸರಿನ ಮದ್ದು ನಡೆಯುವಾಗ ಹಾಲು ನಿಲ್ಲಿಸಬೇಕಾಗುತ್ತದೆ. ಆದುದರಿಂದ ಯಾವ ಕಾಯಿಲೆಗೇ ಹೋಗಲಿ, "ನಾನು ಹಾಲುಣಿಸುವವಳು" ಎಂದು ಮೊದಲೇ ಹೇಳಿ. ಮದ್ದನ್ನಾಗಲಿ, ಹಾಲನ್ನಾಗಲಿ ನೀವಾಗಿ ನಿಲ್ಲಿಸಬೇಡಿ.