ಕೊಟ್ಟಿಗೆ ಕೆಲಸಕ್ಕೆ ಕರೆಂಟು ಗರಗಸ: ಕೈ ಜೋಪಾನ

(ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಇವತ್ತು ನಾನು ಹಸುವನ್ನು ಕರೆಯುವ ಕೈಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಮರ ಕೊಯ್ಯುವ ಕರೆಂಟು ಗರಗಸ ಈಗ ಹಳ್ಳಿಗಳಿಗೂ ಬಂದಿದೆ. ಪಶು ಆಹಾರದ ಮೂಟೆಗೆ ನೆಲದ ತೇವ ತಾಗಿ ಬೂಷ್ಟು ಹಿಡಿಯದಂತೆ ಕೆಳಗೆ ಹಲಗೆ ಹಾಸಬೇಕು. ಕರುಗಳಿಗೆ ಬೇರೆ ಅಂಕಣ ಆಗಬೇಕು. ಗೋದಲಿಯ ಅಡ್ಡಪಟ್ಟಿ ಮುರಿದಿರುತ್ತದೆ. ಇಷ್ಟಕ್ಕೆಲ್ಲ ಬಡಗಿಯನ್ನು ಕಾಯುವುದೇಕೆ ಎಂದು ನಾವೇ ಗರಗಸ ಹಿಡಿಯುತ್ತೇವೆ. ಹಿಡಿಯುವುದು ತಪ್ಪಲ್ಲ, ತಿಳಿಯದೆ ಹಿಡಿಯುವುದು ತಪ್ಪು.

ನನ್ನ ಎಡಗೈಯ ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಎರಡು ಇಟ್ಟಿಗೆ ರಾಶಿಯ ಮೇಲೆ ಹಲಗೆಯ ಎರಡು ತುದಿ ಇಟ್ಟು ನಡುವೆ ಕೊಯ್ಯುತ್ತಿದ್ದೆ. ಬಲಗೈಯಲ್ಲಿ ಯಂತ್ರ. ಎಡಗೈ ಯಂತ್ರದ ಹಿಂದೆ ಹಲಗೆಯನ್ನು ಒತ್ತಿ ಹಿಡಿದಿತ್ತು. ಬ್ಲೇಡಿನ ಕೆಳಗಿನ ಗಾರ್ಡು ಆಗಾಗ ತಡೆಯುತ್ತದೆಂದು ತಂತಿಯಿಂದ ಮೇಲಕ್ಕೆ ಕಟ್ಟಿದ್ದೆ. ಮುಕ್ಕಾಲು ಭಾಗ ಕೊಯ್ದಾಗ ಗರಗಸ ಎಗರಿ ಹಿಂದಕ್ಕೆ ಬಂತು. ಏನಾಯಿತೆಂದು ತಿಳಿಯುವ ಮೊದಲೇ ಬೆರಳು ಕೊಯ್ದಿತ್ತು. ಮೂರು ತಿಂಗಳು ಹಾಲು ಕರೆಯಲು ಆಗಲಿಲ್ಲ. ಎರಡು ಹೊತ್ತೂ ಮನೆಯಾಕೆಯೇ ಕರೆದಳು. ಒಬ್ಬಳ ಕೈಲಿ ಆಗದೆ ಹೋದಾಗ ಆಗತಾನೆ ಚೊಚ್ಚಲು ಕರು ಹಾಕಿದ್ದ ಹಸುವನ್ನು ಮಾರಿಬಿಟ್ಟೆವು. ಒಂದು ಹಲಗೆ ಉಳಿಸಲು ಹೋಗಿ ಒಂದು ಹಸು ಹೋಯಿತು.

ಗರಗಸ ಏಕೆ ಒದೆಯುತ್ತದೆ?

ಏಳು ಇಂಚಿನ ಬ್ಲೇಡು ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಹಲ್ಲು ಗಂಟೆಗೆ 170 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಅಷ್ಟು ವೇಗದ ಬ್ಲೇಡನ್ನು ಮರ ಎರಡೂ ಕಡೆಯಿಂದ ಗಪ್ಪನೆ ಹಿಡಿದರೆ ಬ್ಲೇಡು ನಿಲ್ಲುವುದಿಲ್ಲ. ಇಡೀ ಯಂತ್ರವನ್ನೇ ಎತ್ತಿ ನಮ್ಮ ಕಡೆಗೆ ಎಸೆಯುತ್ತದೆ.

ಮರ ಹಿಡಿಯುವುದು ಯಾವಾಗ? ನಾನು ಮಾಡಿದಂತೆ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದಾಗ. ಕೊಯ್ಯುತ್ತ ಹೋದಂತೆ ಹಲಗೆ ನಡುವಿನಲ್ಲಿ ಬಾಗುತ್ತದೆ, ಕೊಯ್ದ ಸಂದು ಮುಚ್ಚಿಕೊಳ್ಳುತ್ತದೆ. ಹಸಿ ಮರ, ಮೊಂಡಾದ ಹಲ್ಲು, ಗೆರೆ ತಪ್ಪಿತೆಂದು ಯಂತ್ರವನ್ನು ನಡುವೆ ತಿರುಚುವುದು, ಸಂದಿನೊಳಗೆ ಬ್ಲೇಡು ಇಟ್ಟೇ ಸ್ವಿಚ್ ಹಾಕುವುದು, ಇವೂ ಅದೇ ಫಲ ಕೊಡುತ್ತವೆ.

ಆದ್ದರಿಂದ ಕೊಯ್ದು ಬೀಳಬೇಕಾದ ತುಂಡು ಆಸರೆಯ ಹೊರಗೆ ಇರಲಿ, ತಾನಾಗಿ ಕೆಳಗೆ ಬೀಳಲಿ. ಉಳಿಯುವ ಭಾಗವನ್ನು ಬೆಂಚಿಗೆ ಕ್ಲಾಂಪು ಹಾಕಿ ಬಿಗಿಯಿರಿ. ಯಂತ್ರದ ತಳದ ಅಗಲವಾದ ಭಾಗ ಈ ಬಿಗಿದ ಕಡೆಯ ಮೇಲೆ ಕೂರಬೇಕು. ದೊಡ್ಡ ಪ್ಲೈವುಡ್ ಹಾಳೆಯಾದರೆ ಕೊಯ್ಯುವ ಗೆರೆಯ ಎರಡೂ ಪಕ್ಕಕ್ಕೆ, ಗೆರೆಗೆ ಹತ್ತಿರವಾಗಿ, ಕೆಳಗೆ ಪಟ್ಟಿ ಕೊಡಿ. ಮಂಡಿಯ ಮೇಲಾಗಲಿ, ಕಾಲಿನಡಿಯಲ್ಲಾಗಲಿ ಮರ ಇಟ್ಟು ಕೊಯ್ಯಬೇಡಿ.

ಹಲಗೆಯನ್ನು ಕ್ಲಾಂಪು ಹಿಡಿದಿದ್ದರೆ ನಮ್ಮ ಎರಡೂ ಕೈ ಯಂತ್ರಕ್ಕೆ ಸಿಗುತ್ತವೆ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಮುಂದಿನ ಹಿಡಿಯ ಮೇಲೆ. ಎರಡೂ ಕೈ ಅಲ್ಲಿದ್ದರೆ ಬ್ಲೇಡಿಗೆ ಕೈ ಸಿಗುವುದಿಲ್ಲ. ಹಾಯುವ ಹಸುವಿನ ಮುಂದೆ, ಒದೆಯುವ ಹಸುವಿನ ಹಿಂದೆ ನಿಲ್ಲಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಹಾಗೆಯೇ. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ.

ಕೊಯ್ಯುವ ಮೊದಲು ನೋಡಬೇಕಾದ್ದು

1. ಕೆಳಗಿನ ಗಾರ್ಡನ್ನು ಕೈಯಿಂದ ಎತ್ತಿ ಬಿಡಿ. ಸ್ಪ್ರಿಂಗಿನ ಬಲದಿಂದ ಟಪ್ಪನೆ ಮುಚ್ಚಿಕೊಳ್ಳಬೇಕು. ಹೊಟ್ಟು ಸಿಕ್ಕಿ ನಿಧಾನವಾದರೆ ಸ್ವಚ್ಛ ಮಾಡಿ. ತಂತಿಯಿಂದ ಕಟ್ಟಲೇಬೇಡಿ. ಇದನ್ನು ನೋಡುವಾಗ ಪ್ಲಗ್ ಕಿತ್ತಿರಬೇಕು.

2. ಬ್ಲೇಡು ಹಲಗೆಯ ದಪ್ಪಕ್ಕಿಂತ ಕಾಲು ಇಂಚು ಮಾತ್ರ ಕೆಳಗೆ ಇಣುಕುವಂತೆ ಆಳ ಹೊಂದಿಸಿ.

3. ಬ್ಲೇಡಿನ ಮೇಲಿನ ಬಾಣದ ಗುರುತು ಯಂತ್ರದ ಬಾಣದ ಕಡೆಗೇ ಇರಬೇಕು. ಬಿಗಿದ ಕೀಲಿಯನ್ನು ತೆಗೆದಿದ್ದೀರೋ ನೋಡಿ.

4. ಹಳೆಯ ಹಲಗೆಯಾದರೆ ಒಂದೊಂದು ಮೊಳೆಯನ್ನೂ ಹುಡುಕಿ ಕೀಳಿ.

5. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪಂಚೆಯನ್ನು ಎತ್ತಿ ಬಿಗಿಯಾಗಿ ಕಟ್ಟಿ. ಹೆಗಲ ಟವೆಲು ತೆಗೆದಿಡಿ. ಹೆಣ್ಣುಮಕ್ಕಳು ಸೆರಗು, ಜಡೆ ಬಿಗಿದುಕೊಳ್ಳಿ. ಸಡಿಲವಾದ ಕೈಗವಸು ಬೇಡ.

ಕೊಯ್ದು ಮುಗಿದ ಕೂಡಲೇ ಯಂತ್ರವನ್ನು ಎತ್ತಬೇಡಿ. ಸ್ವಿಚ್ ಬಿಟ್ಟ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಕೆಳಗಿಡಿ.

ಟೈಲ್ಸ್ ಕಟರಿನಲ್ಲಿ ಮರ ಬೇಡ

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಇರುವುದು ಮಾರ್ಬಲ್, ಟೈಲ್ಸ್ ಕೊಯ್ಯುವ ನಾಲ್ಕು ಇಂಚಿನ ಕಟರು. ಅದಕ್ಕೆ ಮರದ ಬ್ಲೇಡು ಹಾಕಿಕೊಂಡು ಗರಗಸವೆಂದು ಬಳಸುತ್ತೇವೆ. ಕಲ್ಲು ಕೊಯ್ಯುವ ಆ ಯಂತ್ರ ನಿಮಿಷಕ್ಕೆ ಸುಮಾರು 12 ಸಾವಿರ ಸುತ್ತು ತಿರುಗುತ್ತದೆ. ಅದಕ್ಕೆ ತಾನಾಗಿ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡು ಇರುವುದಿಲ್ಲ. ಮರದಿಂದ ಹೊರಬಂದ ಬ್ಲೇಡು ಬರಿಯ ಬಾಯಿ ತೆರೆದುಕೊಂಡೇ ಇರುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರಿಗೆ ಹಲ್ಲಿನ ಬ್ಲೇಡು ಹಾಕುವುದಂತೂ ಇನ್ನೂ ಅಪಾಯ. ಮರ ಕೊಯ್ಯಲೇಬೇಕಾದರೆ ಗಾರ್ಡಿರುವ ಮರದ ಗರಗಸವನ್ನೇ ತನ್ನಿ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ಆಯಿತು. ಬ್ಲೇಡಿನ ಮೇಲೆ ಬರೆದ ಸುತ್ತಿನ ಮಿತಿ ಯಂತ್ರದ ಸುತ್ತಿಗಿಂತ ಕಡಿಮೆ ಇದ್ದರೆ ಆ ಬ್ಲೇಡು ಹಾಕಬೇಡಿ.

ಕರೆಂಟು ಹೋದರೆ ಮೊದಲು ಪ್ಲಗ್

ಹಳ್ಳಿಯ ಕರೆಂಟಿನ ಕಥೆ ನಮಗೆಲ್ಲ ಗೊತ್ತು. ಅರ್ಧ ಕೊಯ್ದಾಗ ಕರೆಂಟು ಹೋಗುತ್ತದೆ. ಯಂತ್ರವನ್ನು ಅಲ್ಲೇ ಇಟ್ಟು ನಾವು ಕಾಫಿಗೆ ಹೋಗುತ್ತೇವೆ. ಕೆಲವು ಯಂತ್ರಗಳಲ್ಲಿ ಸ್ವಿಚ್ ಒತ್ತಿದಂತೆಯೇ ಹಿಡಿದಿಡುವ ಗುಂಡಿ ಇರುತ್ತದೆ. ಆ ಗುಂಡಿ ಒತ್ತಿದ್ದರೆ ಕರೆಂಟು ಬಂದ ಕ್ಷಣ ಯಾರೂ ಮುಟ್ಟದೆ ಗರಗಸ ಎದ್ದು ಓಡುತ್ತದೆ. ಅಷ್ಟರಲ್ಲಿ ಅಲ್ಲಿ ಮಗು ನಿಂತಿರಬಹುದು. ಕರೆಂಟು ಹೋದ ಕೂಡಲೇ ಪ್ಲಗ್ ಕೀಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬ್ಲೇಡು ಮುಟ್ಟುವ ಮೊದಲೂ ಇದೇ ನಿಯಮ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆಯಿರಿ.

ಕೊಟ್ಟಿಗೆಯ ನೆಲ ಗಂಜಲ, ನೀರಿನಿಂದ ಒದ್ದೆ. ಅಲ್ಲಿ ವೈರು ಎಳೆದು ಕೆಲಸ ಮಾಡಬೇಡಿ, ಹಲಗೆಯನ್ನೇ ಒಣ ಅಂಗಳಕ್ಕೆ ತನ್ನಿ. ತೇಪೆ ಹಾಕಿದ ವೈರು ಬೇಡ. ಕರೆಂಟು ಸೋರಿದರೆ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಟ್ರಿಪ್ ಸ್ವಿಚ್ಚನ್ನು ಮನೆಗೆ ಹಾಕಿಸಿ. ಅದು ಮನುಷ್ಯರನ್ನೂ ಕಾಯುತ್ತದೆ, ಹಸುವನ್ನೂ ಕಾಯುತ್ತದೆ.

ಹಸುವಿನ ಹಿತವೂ ಇದರಲ್ಲಿದೆ

ಗರಗಸದ ಸದ್ದಿಗೆ ದನ ಬೆದರುತ್ತದೆ. ಕೆಲಸ ಶುರು ಮಾಡುವ ಮೊದಲು ಅವನ್ನು ದೂರ ಕಟ್ಟಿ. ಕೆಲಸ ಮುಗಿದ ಮೇಲೆ ಬಿದ್ದ ಮೊಳೆ, ತಂತಿ ಚೂರುಗಳನ್ನು ಒಂದೂ ಬಿಡದೆ ಆರಿಸಿ. ಒಂದು ಅಯಸ್ಕಾಂತ ಎಳೆದರೆ ಇನ್ನೂ ಒಳ್ಳೆಯದು. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ಮೇವಿನ ಜೊತೆ ನುಂಗಿದ ಮೊಳೆ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಪರದೆ. ಅದನ್ನು ತೂರಿದ ಮೊಳೆ ಹೃದಯದ ಚೀಲಕ್ಕೆ ಚುಚ್ಚಿದರೆ ಹಸು ಉಳಿಯುವುದು ಕಷ್ಟ. ಮರದ ಹೊಟ್ಟನ್ನು ಹಾಸಿಗೆಗೆ ಹಾಕುವುದಾದರೆ ಚೆನ್ನಾಗಿ ಒಣಗಿದ್ದನ್ನು ಮಾತ್ರ ಹಾಕಿ. ಹಸಿ ಹೊಟ್ಟಿನಲ್ಲಿ ರೋಗಾಣು ಬೆಳೆದು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಗಾಯವಾದರೆ

ಅರಿಶಿನ, ಕಾಫಿಪುಡಿ, ಬೂದಿ ಯಾವುದನ್ನೂ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ. 108ಕ್ಕೆ ಫೋನು ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಟ್ಟು ರೋಗಿಯ ಜೊತೆಯಲ್ಲೇ ಕಳಿಸಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. ಬೇಗ ತಲುಪಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ. ಸಣ್ಣ ಗಾಯವಾದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಬಂಧುಗಳೇ, ನಾನು ಹೇಳಿದ್ದರಲ್ಲಿ ಖರ್ಚಿನ ಬಾಬತ್ತು ಕಡಿಮೆ. ಎರಡು ಕ್ಲಾಂಪು, ಒಂದು ಕನ್ನಡಕ, ಒಂದು ಟ್ರಿಪ್ ಸ್ವಿಚ್. ಉಳಿದದ್ದೆಲ್ಲ ತಾಳ್ಮೆಯ ಕೆಲಸ. ಹಲಗೆ ಬಿಗಿಯಲು ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಉಳಿಸಲು ಹೋಗಿ ನಾನು ಕಳೆದುಕೊಂಡದ್ದನ್ನು ತಾವು ಕಳೆದುಕೊಳ್ಳಬಾರದು. ನಾಳೆ ಬೆಳಗ್ಗೆ ಸಂಘಕ್ಕೆ ಹಾಲು ಬರಬೇಕಾದರೆ ಅದನ್ನು ಕರೆಯುವ ಹತ್ತು ಬೆರಳೂ ಸರಿಯಾಗಿರಬೇಕು.