ಮೇಜಿನ ಆ ಕಡೆ ಕೂತವರು ಯಾರು?



ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಪಳಗಿದ ರೀಲರ್‌ಗಳನ್ನು ಒಮ್ಮೆ ಗಮನಿಸಿ. ಒಂದು ಹಿಡಿ ಗೂಡು ಎತ್ತುತ್ತಾರೆ, ಬೆರಳಲ್ಲಿ ಅಮುಕುತ್ತಾರೆ, ಅಲ್ಲಾಡಿಸಿ ನೋಡುತ್ತಾರೆ. ಈ ಲಾಟಿನಲ್ಲಿ ಎಷ್ಟು ನೂಲು ಬರುತ್ತೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ಹರಾಜಿಗೆ ಇಳಿಯುತ್ತಾರೆ.

ಅಂಥ ಒಬ್ಬರು ನನಗೆ ಫೋನ್ ಮಾಡಿದ್ದರು. ಗೂಡು ಕೊಳ್ಳೋಕೆ ಇಟ್ಟಿದ್ದ ದುಡ್ಡನ್ನ ಮಗ ಮೊಬೈಲ್‌ನಲ್ಲಿ ಪೋಕರ್ ಟೂರ್ನಮೆಂಟ್ ಆಡಿ ಕಳೆದಿದ್ದ. "ಸಾರ್, ಗೂಡು ನೋಡೋದು ಕಲಿಯಕ್ಕೆ ನಂಗೆ ಹತ್ತು ವರ್ಷ ಬೇಕಾಯ್ತು. ನಮ್ ಹುಡುಗ ಮೂರು ದಿನಕ್ಕೇ ಕಲ್ತ್‌ಬಿಟ್ಟೆ ಅಂದ. ಮೊದ್ಲು ಗೆದ್ದಿದ್ದೂ ನಿಜ, ಅದಕ್ಕೇ ನಾನೂ ಸುಮ್ನಿದ್ದೆ. ನಮ್ ಹುಡುಗ ದಡ್ಡನಾ ಸಾರ್?"

ಅಲ್ಲ. ಯಾಕೆ ಅಲ್ಲ ಅಂತ ಹೇಳ್ತೀನಿ. ನಾನು ಓದಿದ್ದು ಎಂಜಿನಿಯರಿಂಗ್, ಸ್ವಲ್ಪ ಲೆಕ್ಕ ಬರುತ್ತೆ.

ಉದಾಹರಣೆಗೆ, ನೂರು ಜನ ತಲಾ 100 ರೂಪಾಯಿ ಕಟ್ಟಿ ಕೂತರು ಅನ್ನಿ. ಒಟ್ಟು 10,000. ಕಂಪನಿ ತನ್ನ ಪಾಲು ಅಂತ 1,000 ಎತ್ತಿಟ್ಟುಕೊಳ್ತು. ಉಳಿದ 9,000 ರೂಪಾಯಿ ಕೊನೆಯವರೆಗೆ ಉಳಿದ ಹದಿನೈದು ಜನಕ್ಕೆ. ಎಂಬತ್ತೈದು ಜನ ಬರಿಗೈ. ಯಾರು ಆ ಹದಿನೈದು?

ಪೋಕರ್‌ನಲ್ಲಿ ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿ ಐದು ಎಲೆ. ಎರಡು ಎಕ್ಕ ಒಟ್ಟಿಗೆ ಸಿಗೋದು ಸರಾಸರಿ 221 ಸಲಕ್ಕೆ ಒಂದು ಸಲ. ಪಳಗಿದವನಿಗೆ ಇದು ಗೊತ್ತು. ಅವನು ಬಹುಪಾಲು ಸಲ ಎಲೆ ಬಿಸಾಕಿ ಕಾಯ್ತಾನೆ. ಚಿಪ್ಸ್ ಕರಗಿದಾಗ ಯಾವ ಎಲೆಗೆ ಎಲ್ಲವನ್ನೂ ಪಣಕ್ಕಿಡಬೇಕು ಅನ್ನೋ ಲೆಕ್ಕ ಅವನಿಗೆ ಬಾಯಿಪಾಠ. ಒಂದೇ ಸಲ ನಾಲ್ಕಾರು ಮೇಜಿನಲ್ಲಿ, ವರ್ಷಕ್ಕೆ ಸಾವಿರಾರು ಟೂರ್ನಮೆಂಟ್ ಆಡುವವನಿಗೆ ಇವತ್ತಿನ ದುರದೃಷ್ಟ ನಾಳೆ ಸರಿಹೋಗುತ್ತೆ. ಹೊಸಬ ಸಿಕ್ಕ ಎಲೆಗೆಲ್ಲ ದುಡ್ಡು ಹಾಕ್ತಾನೆ. ಸೋತರೆ ಮತ್ತೆ ಕಟ್ತಾನೆ.

ಹಾಗಿದ್ರೆ ಹೊಸಬನಿಗೆ ಇದು ಗೊತ್ತಾಗಲ್ವಾ? ಅಲ್ಲೇ ಇರೋದು ಮೋಸ. ವಿಶ್ವನಾಥನ್ ಆನಂದ್ ಎದುರು ನಾನು ಚೆಸ್‌ಗೆ ಕೂತರೆ ಹತ್ತು ನಿಮಿಷಕ್ಕೇ ನನ್ನ ಯೋಗ್ಯತೆ ತಿಳಿಯುತ್ತೆ. ಪೋಕರ್ ಹಾಗಲ್ಲ. ಎರಡು ಎಕ್ಕದ ಎದುರು ಏಳು–ಎರಡರಂಥ ಕಳಪೆ ಎಲೆ ಕೂಡ ನೂರಕ್ಕೆ ಸುಮಾರು 12 ಸಲ ಗೆಲ್ಲುತ್ತೆ. ಆ ಗೆಲುವನ್ನ ಹುಡುಗ ತನ್ನ ಬುದ್ಧಿ ಅಂದ್ಕೊಳ್ತಾನೆ. ಸೋಲನ್ನ ದುರದೃಷ್ಟ ಅಂದ್ಕೊಳ್ತಾನೆ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತಮ್ಮ ಕಂಪ್ಯೂಟರ್ ಪ್ರೋಗ್ರಾಂ ಅನ್ನ ನಾಲ್ವರು ವೃತ್ತಿಪರರ ಎದುರು ಆಡಿಸಿದರು. ಗೆದ್ದಿದ್ದು ಅದೃಷ್ಟದಿಂದಲ್ಲ ಅಂತ ತೋರಿಸೋಕೆ 1,20,000 ಆಟ ಆಡಿಸಬೇಕಾಯ್ತು. ನಮ್ಮ ಹುಡುಗ ಮೂರು ದಿನದಲ್ಲಿ ತನ್ನನ್ನ ತಾನು ಅಳೆಯೋದು ಹೇಗೆ?

ಈಗ ಕಾನೂನಿಗೆ ಬರೋಣ. 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಜೂಜಿನ ಮೇಲೆ ನಿಷೇಧ ತಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನ ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ ಅನ್ನೋದು ಕಂಪನಿಗಳ ವಾದವಾಗಿತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟವೇ ಬೇಡ ಅಂತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಅದನ್ನೂ ಪ್ರಶ್ನಿಸಿದ್ದಾರೆ, ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿದೆ.

ಪೋಕರ್‌ನಲ್ಲಿ ಕೌಶಲ ಇದೆ ಅಂತ ನಾನೂ ಒಪ್ತೀನಿ. ಆದರೆ ಕೌಶಲ ಇರೋದೇ ಹೊಸಬನಿಗೆ ಅಪಾಯ. ಲಾಟರಿಯಲ್ಲಾದರೂ ಒಂದೊಂದು ಟಿಕೆಟ್‌ಗೂ ಒಂದೇ ಅವಕಾಶ. ಇಲ್ಲಿ ಅದೂ ಇಲ್ಲ. ಅಪ್ಪನ ಕೌಶಲದಿಂದ ಗೂಡು ನೂಲಾಯ್ತು. ಪೋಕರ್ ಮೇಜಿನ ಕೌಶಲದಿಂದ ಏನೂ ಹುಟ್ಟಲ್ಲ, ಮಗನ ಜೇಬಿನ ದುಡ್ಡು ಇನ್ನೊಬ್ಬನ ಜೇಬಿಗೆ ಹೋಗುತ್ತೆ, ಅಷ್ಟೇ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಆಪ್‌ಗಳ ಜಾಹೀರಾತು ನನ್ನ ಕಾರ್ಯಕ್ರಮದ ಬ್ರೇಕ್‌ನಲ್ಲೂ ಬಂದಿವೆ. ಗೆದ್ದವನ ನಗು ಅರ್ಧ ನಿಮಿಷ. "ಚಟವಾಗಬಹುದು, ಎಚ್ಚರಿಕೆ" ಅನ್ನೋ ಮಾತು ಎರಡೇ ಸೆಕೆಂಡ್. ವೇಗವಾಗಿ ಓದೋದೇ ನನ್ನ ಕೆಲಸ, ನನಗೇ ಅದು ಪೂರ್ತಿ ಕೇಳಿಸ್ತಿರಲಿಲ್ಲ. ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದದ್ದು ಆ ಅಪ್ಪ ಒಬ್ಬರೇ ಅಲ್ಲ.

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ಗೌರಿಬಿದನೂರಿನ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟ್ ಮುಗಿಸಿದವನು, ಚಿಕ್ಕಬಳ್ಳಾಪುರದ ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿ, ನಿಮ್ಮೆಲ್ಲರಿಗೂ ಒಂದೇ ಮಾತು. ಕಾನೂನು ನಾಳೆ ಏನೇ ಆಗಲಿ, ಆಪ್ ಬೇರೆ ಹೆಸರಲ್ಲಿ, ಬೇರೆ ದೇಶದಿಂದ ಬರಬಹುದು. ದುಡ್ಡು ಹಾಕೋ ಮುಂಚೆ ಕೇಳಿಕೊಳ್ಳಿ, ಆ ಕಡೆ ಕೂತವನು ಯಾರು, ಎಷ್ಟು ವರ್ಷದಿಂದ ಆಡ್ತಿದ್ದಾನೆ? ಉತ್ತರ ಗೊತ್ತಿಲ್ಲದಿದ್ದರೆ ಅವನು ಕಾಯ್ತಿರೋದು ನಿಮಗೇ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಮನೆಯಲ್ಲಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆಟದ ಚಟಕ್ಕೇ ಶಟ್ ಅನ್ನೋ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆ ಅಪ್ಪನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ನಿಮ್ಮ ಹುಡುಗ ದಡ್ಡನಲ್ಲ, ಹೊಸಬ. ಬೈದಿದ್ದು ಸಾಕು, ನಾಳೆ ಬೆಳಗ್ಗೆ ಜೊತೆಗೆ ಮಾರುಕಟ್ಟೆಗೆ ಕರ್ಕೊಂಡು ಹೋಗಿ.