ಏರನ್ನು ಅಳೆದ ದಿನ

(ಶತಮಾನೋತ್ಸವದ ಸಮಾರೋಪ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಸಾಧನೆಯನ್ನು ವರದಿಯಲ್ಲಿ ಆಲಿಸಿದ್ದೀರಿ. ಆ ವರದಿಯಲ್ಲಿ ಸೇರದ ಒಂದು ದಿನದ ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅನುಮತಿಯನ್ನು ಕೋರುತ್ತೇವೆ.

ಶತಮಾನೋತ್ಸವದ ಅಂಗವಾಗಿ ಡಿಸೆಂಬರ್ ತಿಂಗಳ ಒಂದು ಭಾನುವಾರ ಪೊಸಡಿಗುಂಪೆಗೆ ಸೈಕಲ್ ಯಾತ್ರೆಯನ್ನು ಏರ್ಪಡಿಸಿದ್ದೆವು. 18 ಮಂದಿ ಮಕ್ಕಳು, 5 ಮಂದಿ ಹಿರಿಯ ವಿದ್ಯಾರ್ಥಿಗಳು, 4 ಮಂದಿ ಅಧ್ಯಾಪಕರು ಹೊರಟೆವು. ಪೆರ್ಮುದೆ, ಧರ್ಮತ್ತಡ್ಕಗಳ ಮೂಲಕ ಗುಡ್ಡವನ್ನು ತಲುಪುವುದು, ಬಾಯಾರು, ಪೈವಳಿಕೆ, ಉಪ್ಪಳಗಳ ಮಾರ್ಗವಾಗಿ ಸಂಜೆಯೊಳಗೆ ಮರಳುವುದು ನಮ್ಮ ಯೋಜನೆ. ಒಟ್ಟು ಸುಮಾರು 50 ಕಿಲೋಮೀಟರ್. ನಕ್ಷೆಯ ಮೇಲೆ ನೂಲಿಟ್ಟು ದೂರವನ್ನು ಅಳೆದಿದ್ದೆವು, ಏರನ್ನು ಅಳೆದಿರಲಿಲ್ಲ.

ಕಾಸರಗೋಡಿನ ನೆಲ ತಮಗೆ ಹೊಸತಲ್ಲ. ಮುರಕಲ್ಲಿನ ಪದವನ್ನೇರಿದರೆ ಅದರಾಚೆ ಅಡಕೆ ತೋಟದ ಕಣಿವೆ. ಕಣಿವೆಯನ್ನು ದಾಟಿದೊಡನೆ ಮತ್ತೊಂದು ಪದವು. ಗಿಯರುಗಳಿದ್ದ ಸೈಕಲ್ಲುಗಳು ಎರಡೇ. ಮೊದಲನೆಯ ದೊಡ್ಡ ಏರಿನ ನಡುವೆಯೇ ಉಳಿದವರೆಲ್ಲರೂ ಇಳಿದು ತಳ್ಳತೊಡಗಿದೆವು. ಆ ಏರೊಂದಕ್ಕೇ 40 ನಿಮಿಷ ಹಿಡಿಯಿತು. ತಂದ ನೀರೆಲ್ಲ ಎಂಟೂವರೆಗೇ ಮುಗಿಯಿತು.

ಆಗ ಮುಂದೆ ಬಂದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಎಲ್ಲಿ ಇಳಿದು ತಳ್ಳಬೇಕು, ಎಲ್ಲಿ ಮತ್ತೆ ಹತ್ತಬೇಕು ಎಂಬುದೆಲ್ಲ ಅವನಿಗೆ ತಿಳಿದಿತ್ತು. ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಮೊದಲು ಹಿಡಿಯಿರಿ, ಮುಂದಿನದನ್ನು ಮೆಲ್ಲಗೆ ಒತ್ತಿರಿ, ಮುರಕಲ್ಲಿನ ಹುಡಿಯ ಮೇಲೆ ಚಕ್ರ ಜಾರುತ್ತದೆ ಎಂದು ನಮಗೇ ಪಾಠ ಹೇಳಿದನು. ಕಣಿವೆಗಿಳಿದಾಗ ತನ್ನ ಮನೆಯ ಸುರಂಗದ ಬಳಿಗೆ ಕರೆದೊಯ್ದನು. ಗುಡ್ಡದ ಒಡಲನ್ನು ಪಿಕಾಸಿಯಿಂದ ಅಡ್ಡಲಾಗಿ ಕೊರೆದು ತೆಗೆದ ದಾರಿಯದು. ಹಗ್ಗ, ರಾಟೆ, ಪಂಪುಗಳ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಬೊಗಸೆಯೊಡ್ಡಿ ಕುಡಿದೆವು. ಅವನ ಅಜ್ಜಿ ಬೆಲ್ಲದ ತುಂಡುಗಳನ್ನು ಕೊಟ್ಟು, "ನನ್ನ ಅಪ್ಪನೂ ಇದೇ ಗುಡ್ಡೆ ಹತ್ತಿ ನಿಮ್ಮ ಶಾಲೆಗೆ ಬಂದವರು" ಎಂದರು.

ಸಭಿಕರೇ, ನಾವು ತಲೆತಗ್ಗಿಸಿದ್ದು ಅಲ್ಲಿ. ಪ್ರಾರ್ಥನೆಗೆ ತಡವಾಗಿ ಬಂದನೆಂದು ವಾರಕ್ಕೆರಡು ಬಾರಿಯಾದರೂ ನಾವು ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ಹುಡುಗನೇ ಇವನು. ಮನೆಯಿಂದ ಶಾಲೆಗೆ 8 ಕಿಲೋಮೀಟರ್. ನಡುವೆ ನಾವು ಏದುಸಿರು ಬಿಟ್ಟು ದಾಟಿದ ಆ ಪದವು. ಹತ್ತಿರದಲ್ಲಿ ಬೇರೆ ಮಾಧ್ಯಮದ ಶಾಲೆಯಿದ್ದರೂ ಮನೆಯವರು ಕನ್ನಡಕ್ಕಾಗಿ ಅವನನ್ನು ಇಲ್ಲಿಗೆ ಕಳುಹಿಸಿದ್ದರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಿದೆವು. "ನೀವು ಕೇಳಲಿಲ್ಲವಲ್ಲ ಟೀಚರ್" ಎಂದನು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನಮಗೆ ಹೆಚ್ಚು ನೋವನ್ನುಂಟುಮಾಡಿತು.

ಮಧ್ಯಾಹ್ನ ಪೊಸಡಿಗುಂಪೆಯನ್ನು ಏರಿದೆವು. 1,000 ಅಡಿಗೂ ಮಿಕ್ಕ ಎತ್ತರದ ಆ ಹುಲ್ಲುಗುಡ್ಡದಿಂದ ಪಡುವಣ ಕಡಲು ಬೆಳ್ಳಿಯ ಗೆರೆಯಂತೆ ಕಂಡಿತು. ಮಕ್ಕಳು ತಮ್ಮ ತಮ್ಮ ಊರುಗಳನ್ನು ಬೆರಳಿನಿಂದ ತೋರಿಸಿದರು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದಿರುವ ಒಂದು ಗೆರೆಯ ಹಿಂದೆ ಎಷ್ಟು ಗುಡ್ಡಗಳಿವೆಯೆಂಬುದನ್ನು ಅಂದು ಕಂಡೆವು. ಮರಳಿ ಶಾಲೆ ಸೇರಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಂದು ಎಲ್ಲರೂ ತಡವಾಗಿಯೇ ಬಂದಿದ್ದೆವು; ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ಮರುದಿನದ ಅಧ್ಯಾಪಕರ ಸಭೆಯಲ್ಲಿ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಪದ್ಧತಿಯನ್ನು ಕೈಬಿಟ್ಟೆವು. ಪ್ರತಿಯೊಂದು ಮಗುವಿನ ದಾರಿಯನ್ನು ಅಧ್ಯಾಪಕರೊಬ್ಬರು ಒಮ್ಮೆಯಾದರೂ ಮಗುವಿನೊಡನೆ ಕ್ರಮಿಸಬೇಕೆಂದು ನಿರ್ಧರಿಸಿದೆವು. ಈವರೆಗೆ 31 ದಾರಿಗಳು ಮುಗಿದಿವೆ. ಯಾತ್ರೆಗೆ ಬಂದಿದ್ದ ಹಿರಿಯ ವಿದ್ಯಾರ್ಥಿಗಳು ದೂರದ ಮಕ್ಕಳಿಗಾಗಿ 6 ಸೈಕಲ್ಲುಗಳನ್ನು ಕೊಡಿಸಿದ್ದಾರೆ. ಅವರಿಗೆ ನಾವು ಋಣಿಗಳು.

ಹೆತ್ತವರಲ್ಲಿ ಒಂದೇ ವಿನಂತಿ: ದಾರಿಯ ಕಷ್ಟವನ್ನು ನಮಗೆ ತಿಳಿಸಿರಿ. ದೂರವಾಯಿತೆಂದು ಮಗುವನ್ನು ಈ ಶಾಲೆಯಿಂದ ಬಿಡಿಸುವ ಮೊದಲು ನಮ್ಮೊಡನೆ ಒಂದು ಮಾತನ್ನಾಡಿರಿ. ನಾವು ಕೇಳದೆ ಇದ್ದುದು ನಮ್ಮ ತಪ್ಪು; ಇನ್ನು ಮುಂದೆ ಕೇಳುತ್ತೇವೆ.